ದುಡ್ಡಿಗೂ ಒಂದು ಮುಹೂರ್ತ

ಮಕ್ಕಳ ಮದುವೆಗೆ ಸಿದ್ಧರಾಗುತ್ತಿರುವ ಪೋಷಕರು ಮತ್ತು ತಮ್ಮದೇ ಮದುವೆಯ ಖರ್ಚು ಹೊರಲು ಹೊರಟಿರುವ ಯುವಕ ಯುವತಿಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಮದುವೆಯನ್ನು ಸರಳವಾಗಿ ಮಾಡಿ ಎಂದು ಬುದ್ಧಿ ಹೇಳುವುದು ಈ ಮಾತಿನ ಉದ್ದೇಶವಲ್ಲ. ಎಷ್ಟು ಜನರನ್ನು ಕರೆಯಬೇಕು, ಎಷ್ಟು ಸಿಹಿ ಬಡಿಸಬೇಕು ಎನ್ನುವುದು ನಿಮ್ಮ ನಿಮ್ಮ ಮನೆಯ ತೀರ್ಮಾನ. ಆ ಖರ್ಚಿಗೆ ಹಣ ಎಲ್ಲಿಂದ ಬರಬೇಕು, ಯಾವ ವಾರ ಬರಬೇಕು, ಯಾರ ಹೆಸರಿನಲ್ಲಿ ಬರಬೇಕು, ಇಷ್ಟೇ ಇವತ್ತಿನ ವಿಷಯ.

ಮದುವೆಗೆಂದು ದುಬಾರಿ ಬಡ್ಡಿಗೆ ಸಾಲ ಮಾಡಿದ ಮನೆಗಳ ಲೆಕ್ಕ ಬಿಚ್ಚಿ ನೋಡಿದರೆ ಎಷ್ಟೋ ಕಡೆ ದುಡ್ಡು ಇದ್ದೇ ಇರುತ್ತದೆ. ಒಂದಿಷ್ಟು ಎಫ್‌ಡಿಯಲ್ಲಿ, ಒಂದಿಷ್ಟು ಪಿಎಫ್‌ನಲ್ಲಿ, ಒಂದಿಷ್ಟು ಚೀಟಿಯಲ್ಲಿ. ಆದರೆ ಅಡುಗೆಯವರು ಎರಡನೇ ಕಂತು ಕೇಳುವ ದಿನ ಅದು ಕೈಗೆ ಸಿಗುವುದಿಲ್ಲ. ಭಾನುವಾರದ ಮುಹೂರ್ತ, ಹಿಂದಿನ ದಿನ ನಾಲ್ಕನೇ ಶನಿವಾರ, ಬ್ಯಾಂಕ್ ಬಾಗಿಲು ಹಾಕಿದೆ. ಪಿಎಫ್ ಅರ್ಜಿ ಹೆಸರಿನ ಕಾಗುಣಿತಕ್ಕೆ ತಿರಸ್ಕೃತವಾಗಿದೆ. ಆಗ ಯಾರೋ ಪರಿಚಯದವರ ಮೂಲಕ ನೂರಕ್ಕೆ ಮೂರರ ಬಡ್ಡಿಗೆ ಎರಡು ಲಕ್ಷ ಬರುತ್ತದೆ. ಹತ್ತು ದಿನದಲ್ಲಿ ತೀರಿಸುತ್ತೇವೆ ಎಂದು ತಂದ ಹಣ ವರ್ಷವಾದರೂ ತೀರುವುದಿಲ್ಲ, ಏಕೆಂದರೆ ಮದುವೆ ಮುಗಿದ ಮೇಲೂ ಖರ್ಚು ನಿಲ್ಲುವುದಿಲ್ಲ. ನೂರಕ್ಕೆ ಮೂರು ಎಂದರೆ ತಿಂಗಳಿಗೆ ಶೇ 3, ವರ್ಷಕ್ಕೆ ಶೇ 36. ಎರಡು ಲಕ್ಷಕ್ಕೆ ವರ್ಷದ ಬಡ್ಡಿಯೇ 72,000 ರೂಪಾಯಿ.

ಆದ್ದರಿಂದ ಒಟ್ಟು ಮೊತ್ತದ ಜೊತೆಗೆ ದಿನಾಂಕಗಳನ್ನೂ ಬರೆದಿಡಬೇಕು. ಒಂದು ಹಾಳೆ, ಎರಡು ಸಾಲು: ಎಡಗಡೆ ಹಣ ಹೋಗುವ ದಿನ, ಬಲಗಡೆ ಹಣ ಬರುವ ದಿನ. ಬಲಗಡೆಯ ದಿನ ಎಡಗಡೆಯದಕ್ಕಿಂತ ಕನಿಷ್ಠ ಒಂದು ವಾರ ಮೊದಲಿರಬೇಕು.

ಹಣ ಯಾವಾಗ ಹೋಗುತ್ತದೆ

ಮೊದಲು ಹೋಗುವುದು ಛತ್ರದ ಮುಂಗಡ. ಒಳ್ಳೆಯ ಮುಹೂರ್ತವಿರುವ ದಿನಕ್ಕೆ ಐದಾರು ತಿಂಗಳು ಮೊದಲೇ ಕೊಡಬೇಕಾಗುತ್ತದೆ. ಸಾಮಾನ್ಯವಾಗಿ ಬಾಡಿಗೆಯ ಕಾಲುಭಾಗದಿಂದ ಅರ್ಧದವರೆಗೆ. ಮುಹೂರ್ತ ಕಡಿಮೆ ಇರುವ ವರ್ಷ ಇನ್ನೂ ಮುಂಚೆ. 2026ನೇ ಇಸವಿಯನ್ನೇ ನೋಡಿ: ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಆ ತಿಂಗಳು ಮದುವೆ ಮಾಡುವುದಿಲ್ಲ. ಆಮೇಲೆ ನಿಜ ಜ್ಯೇಷ್ಠ, ಅದರ ಬೆನ್ನಿಗೇ ಆಷಾಢ. ರಜೆಯ ಕಾಲದ ಒಂದು ಪೂರ್ತಿ ತಿಂಗಳು ಹೋದರೆ ಉಳಿದ ದಿನಗಳಿಗೆ ನೂಕುನುಗ್ಗಲು, ಬಾಡಿಗೆಯೂ ಬಿಗಿ. ವಾರದ ನಡುವಿನ ಮುಹೂರ್ತಕ್ಕೆ ಹಲವು ಛತ್ರಗಳು ಬಾಡಿಗೆ ಇಳಿಸುತ್ತವೆ. ಕೇಳಿದವರಿಗೆ ಮಾತ್ರ ಇಳಿಸುತ್ತವೆ.

ಛತ್ರದ ಕರಾರಿನಲ್ಲಿ ಬಾಡಿಗೆಗಿಂತ ಕೆಳಗಿನ ಸಾಲುಗಳನ್ನು ಓದಿ. ಕರೆಂಟು ಮೀಟರ್ ಲೆಕ್ಕವೇ? ಜನರೇಟರ್ ಡೀಸೆಲ್ ಗಂಟೆಗೆ ಎಷ್ಟು? ಪಾತ್ರೆ, ಗ್ಯಾಸ್ ಸಿಲಿಂಡರ್, ಸ್ವಚ್ಛತೆ, ಕಸ ಸಾಗಣೆ ಬೇರೆಯೇ? ಹೊರಗಿನ ಅಲಂಕಾರದವರನ್ನು ಕರೆತಂದರೆ ದಂಡದ ಹಾಗೆ ಒಂದು ಶುಲ್ಕ ಇದೆಯೇ? ಹಿಂದಿನ ದಿನ ಎಷ್ಟು ಗಂಟೆಗೆ ಬೀಗ ಕೊಡುತ್ತಾರೆ, ಮರುದಿನ ಎಷ್ಟಕ್ಕೆ ಬಿಡಬೇಕು? ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಇದೆ. 1,80,000 ಎಂದು ಹೇಳಿದ ಬಾಡಿಗೆ ಬಿಲ್ಲಿನಲ್ಲಿ 2,12,400 ಆಗುತ್ತದೆ. ನೋಂದಾಯಿತ ಧಾರ್ಮಿಕ ಟ್ರಸ್ಟಿನದೇ ಆದ, ದೇವಸ್ಥಾನದ ಆವರಣದಲ್ಲಿರುವ ಕಲ್ಯಾಣ ಮಂಟಪದ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ಈ ತೆರಿಗೆ ಇಲ್ಲ. ಇನ್ನೊಂದು ಮಾತು. ಮನೆಯಲ್ಲಿ ಸಾವಾಗಿ ಸೂತಕ ಬಂದರೆ ಮದುವೆ ಮುಂದಕ್ಕೆ ಹೋಗುತ್ತದೆ. ಮುಂಗಡ ವಾಪಸ್ ಕೊಡುವ ಛತ್ರ ಅಪರೂಪ, ಆದರೆ ದಿನಾಂಕ ಬದಲಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಆ ಒಂದು ವಾಕ್ಯವನ್ನು ರಸೀದಿಯ ಹಿಂದೆ ಬರೆಸಿ ಸಹಿ ಹಾಕಿಸಿಕೊಳ್ಳಿ.

ಮೂರು ತಿಂಗಳು ಮೊದಲು ಒಡವೆ, ಧಾರೆ ಸೀರೆ, ಲಗ್ನಪತ್ರಿಕೆ, ಫೋಟೋದವರ ಮುಂಗಡ. ಒಂದು ತಿಂಗಳು ಮೊದಲು ಅಡುಗೆ ಮತ್ತು ಅಲಂಕಾರದ ಮುಂಗಡ. ಇಷ್ಟರವರೆಗೆ ಎಲ್ಲ ಮನೆಗಳೂ ಹೇಗೋ ನಿಭಾಯಿಸುತ್ತವೆ. ತೊಂದರೆ ಶುರುವಾಗುವುದು ಕೊನೆಯ ನಾಲ್ಕು ದಿನ. ಅಡುಗೆಯವರ ದೊಡ್ಡ ಕಂತು, ಹೂವು, ಬಸ್ಸು, ಹೋಟೆಲ್ ಕೋಣೆಗಳು, ಪುರೋಹಿತರು, ಓಲಗದವರು, ಬಡಿಸುವವರ ಕೈಗೆ ಕೊಡುವುದು, ಡ್ರೈವರ್‌ಗಳ ಭತ್ಯೆ, ಛತ್ರದ ಕೊನೆಯ ಲೆಕ್ಕ. ಒಡವೆ ಬಿಟ್ಟು ಉಳಿದ ಖರ್ಚಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ನಾಲ್ಕು ದಿನಗಳಲ್ಲೇ ಹೋಗುತ್ತದೆ ಎಂದು ಹಿಡಿಯಿರಿ. ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ದಿನಕ್ಕೆ ಸಾಮಾನ್ಯ ಮಿತಿ 1 ಲಕ್ಷ. ನೆಟ್‌ಬ್ಯಾಂಕಿಂಗ್‌ನಲ್ಲಿ ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಬಹಳಷ್ಟು ಬ್ಯಾಂಕುಗಳು ಬಿಡುವುದಿಲ್ಲ. ಆದ್ದರಿಂದ ಅಡುಗೆಯವರ, ಅಲಂಕಾರದವರ, ಛತ್ರದವರ ಖಾತೆಗಳನ್ನು ಮುಂಗಡ ಕೊಡುವಾಗಲೇ ಸೇರಿಸಿಡಿ. ಚಿಲ್ಲರೆ ಖರ್ಚಿಗೆ ನಗದನ್ನು ಬುಧವಾರವೇ ತಂದು, ಹೆಸರು ಬರೆದ ಲಕೋಟೆಗಳಲ್ಲಿ ಹಾಕಿ, ಮದುಮಕ್ಕಳ ತಂದೆಯಲ್ಲದ ಬೇರೊಬ್ಬರ ಕೈಗೆ ಒಪ್ಪಿಸಿ. ಧಾರೆ ಎರೆಯುವ ಹೊತ್ತಿಗೆ ತಂದೆಯನ್ನು ಹುಡುಕಿಕೊಂಡು ಜನರೇಟರ್‌ನವನು ಬರಬಾರದು.

ಎಲೆ ಲೆಕ್ಕ

ಊಟದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಡವೆ ಬಿಟ್ಟರೆ ಇದೇ ದೊಡ್ಡ ಖರ್ಚು, ಜಗಳ ಹೆಚ್ಚಾಗುವುದೂ ಇಲ್ಲೇ.

ಉದಾಹರಣೆಗೆ ಜಿಲ್ಲಾ ಕೇಂದ್ರವೊಂದರ ಮದುವೆ. ಹಿಂದಿನ ರಾತ್ರಿ ಆರತಕ್ಷತೆಗೆ 500 ಎಲೆ, ಎಲೆಗೆ 300ರಂತೆ 1,50,000. ಬೆಳಗಿನ ತಿಂಡಿ 250 ಜನಕ್ಕೆ 120ರಂತೆ 30,000. ಮುಹೂರ್ತದ ಊಟ 700 ಎಲೆ, 320ರಂತೆ 2,24,000. ಒಟ್ಟು 4,04,000, ಅಡುಗೆಯವರು ಜಿಎಸ್‌ಟಿ ನೋಂದಣಿ ಮಾಡಿಸಿದವರಾದರೆ ಶೇ 5 ಸೇರಿ 4,24,200. ನಿಮ್ಮ ಊರಿನ ದರ ಬೇರೆ ಇರಬಹುದು, ಗುಣಿಸುವ ಕ್ರಮ ಇದೇ.

ಇಲ್ಲಿ ತಪ್ಪುವುದು 700 ಎಂಬ ಅಂಕಿಯಲ್ಲಿ. ಅಡುಗೆಯವರಿಗೆ ಮಾತು ಕೊಟ್ಟ ಎಲೆಗಳಿಗೆ, ಜನ ಬರಲಿ ಬಿಡಲಿ, ಹಣ ಕೊಡಬೇಕು. 700 ಹೇಳಿ 560 ಜನ ಬಂದರೆ 140 ಎಲೆ, ಅಂದರೆ 44,800 ರೂಪಾಯಿ, ಯಾರೂ ಉಣ್ಣದ ಊಟಕ್ಕೆ. ಹಾಗಾಗಿ ಕರೆದವರ ಸಂಖ್ಯೆಯ ಶೇ 80ರಷ್ಟನ್ನು ಖಚಿತ ಎಂದು ಹೇಳಿ, ಅದರ ಮೇಲೆ ಇನ್ನೂ ಶೇ 10ರವರೆಗೆ ಅದೇ ದರದಲ್ಲಿ ಬಡಿಸಬೇಕು ಎಂದು ಮೊದಲೇ ಒಪ್ಪಿಸಿಕೊಳ್ಳಿ. ಓಲಗದವರು, ಫೋಟೋದವರು, ಡ್ರೈವರ್‌ಗಳು, ಛತ್ರದ ಕೆಲಸದವರು ಸೇರಿ 40–60 ಜನ ಪ್ರತಿ ಮದುವೆಯಲ್ಲೂ ಊಟ ಮಾಡುತ್ತಾರೆ. ಅವರು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಬಿಲ್ಲಿನಲ್ಲಿ ಇರುತ್ತಾರೆ. ಎಣಿಕೆ ಹೇಗೆ ಎಂಬುದನ್ನೂ ಮೊದಲೇ ಮಾತಾಡಿ. ಪಂಕ್ತಿಗೆ 100 ಕುರ್ಚಿ, ಏಳು ಪಂಕ್ತಿ ಆಯಿತು, 700 ಎನ್ನುವುದು ಒಂದು ಲೆಕ್ಕ. ಕೊನೆಯ ಎರಡು ಪಂಕ್ತಿಗಳಲ್ಲಿ ಅರ್ಧ ಕುರ್ಚಿ ಖಾಲಿ ಇರುವುದು ಇನ್ನೊಂದು ಲೆಕ್ಕ. ನಿಮ್ಮ ಕಡೆಯ ಒಬ್ಬರು, ಅಡುಗೆಯವರ ಕಡೆಯ ಒಬ್ಬರು ಪ್ರತಿ ಪಂಕ್ತಿಗೂ ಎಣಿಸಿ ಒಂದೇ ಚೀಟಿಯಲ್ಲಿ ಬರೆದು ಸಹಿ ಮಾಡಿದರೆ ಸಾಯಂಕಾಲ ಜಗಳವಿರುವುದಿಲ್ಲ.

ದಿನಸಿ ನಾವೇ ತಂದುಕೊಟ್ಟು ಅಡುಗೆಯವರಿಗೆ ಕೂಲಿ ಮಾತ್ರ ಕೊಡುವ ಪದ್ಧತಿ ಇನ್ನೂ ಅನೇಕ ಊರುಗಳಲ್ಲಿದೆ. 300–400 ಜನರ ಮದುವೆಗೆ, ಸಗಟು ಅಂಗಡಿಯ ಪರಿಚಯವಿದ್ದು ಉಗ್ರಾಣ ನೋಡಿಕೊಳ್ಳುವ ಗಟ್ಟಿ ಮನುಷ್ಯರಿದ್ದರೆ, ಅದು ಅಗ್ಗ. ಉಗ್ರಾಣಕ್ಕೆ ಜನವಿಲ್ಲದ ಮನೆಯವರು ಎಲೆ ಲೆಕ್ಕವನ್ನೇ ಆರಿಸಿಕೊಳ್ಳಿ. ತುಪ್ಪ, ಗೋಡಂಬಿ, ದ್ರಾಕ್ಷಿ ಹಿಂಬಾಗಿಲಿನಿಂದ ಹೋದರೆ ಉಳಿತಾಯ ಅಲ್ಲಿಗೇ ಮುಗಿಯಿತು.

ಚಿನ್ನ: ಕೊಳ್ಳುವ ಬೆಲೆ, ಅಡವಿಡುವ ಬೆಲೆ

ಕೊಂಡ ಒಡವೆ ಆಪತ್ತಿಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಅನೇಕರು ಕೈಯಲ್ಲಿದ್ದ ನಗದನ್ನೆಲ್ಲ ಚಿನ್ನಕ್ಕೆ ಹಾಕಿ, ಊಟಕ್ಕೆ ಸಾಲ ಮಾಡುತ್ತಾರೆ. ಲೆಕ್ಕ ಹಾಕಿ ನೋಡಿ. ಗುಣಾಕಾರ ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನ ಗ್ರಾಂಗೆ 12,000 ಎಂದಿಟ್ಟುಕೊಳ್ಳೋಣ, ಇವತ್ತಿನ ದರವನ್ನು ನೀವೇ ಹಾಕಿಕೊಳ್ಳಿ. 40 ಗ್ರಾಂಗೆ 4,80,000. ಮೇಕಿಂಗ್, ವೇಸ್ಟೇಜ್ ಸೇರಿ ಶೇ 14 ಎಂದರೆ 67,200. ಮೇಲೆ ಶೇ 3 ಜಿಎಸ್‌ಟಿ 16,416. ಕೈಬಿಟ್ಟ ಹಣ 5,63,616. ನಾಳೆಯೇ ಅದನ್ನು ಅಡವಿಡಲು ಹೋದರೆ ಬ್ಯಾಂಕು ನೋಡುವುದು ಚಿನ್ನದ ನಿವ್ವಳ ತೂಕ ಮಾತ್ರ. ಕಲ್ಲು, ಅರಗು, ಕೂಲಿ ಯಾವುದಕ್ಕೂ ಬೆಲೆಯಿಲ್ಲ.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಎಲ್ಲ ಸಂಸ್ಥೆಗಳೂ ಪಾಲಿಸಬೇಕಾದ ನಿರ್ದೇಶನದ ಪ್ರಕಾರ ಮನೆಖರ್ಚಿನ ಚಿನ್ನದ ಸಾಲಕ್ಕೆ ಮಿತಿ ಹೀಗಿದೆ: ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಚಿನ್ನದ ಬೆಲೆಯ ಶೇ 85, ಐದು ಲಕ್ಷದವರೆಗೆ ಶೇ 80, ಅದಕ್ಕೆ ಮೇಲ್ಪಟ್ಟರೆ ಶೇ 75. ನಮ್ಮ 40 ಗ್ರಾಂಗೆ ಹೆಚ್ಚೆಂದರೆ 3,84,000. ಅಸಲು ಬಡ್ಡಿ ಎರಡನ್ನೂ ಕೊನೆಯಲ್ಲಿ ಒಟ್ಟಿಗೆ ಕಟ್ಟುವ ಸಾಲವಾದರೆ ಅವಧಿ 12 ತಿಂಗಳು ಮೀರುವಂತಿಲ್ಲ, ಮತ್ತು ವರ್ಷದ ಕೊನೆಗೆ ಕಟ್ಟಬೇಕಾದ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು. ಶೇ 10 ಬಡ್ಡಿಯಾದರೆ ಕೈಗೆ ಸಿಗುವುದು 3,49,000 ರೂಪಾಯಿಯ ಸುತ್ತ. ಕೊಂಡದ್ದು ಐದೂವರೆ ಲಕ್ಷಕ್ಕೂ ಮೇಲೆ, ಸಿಕ್ಕಿದ್ದು ಮೂರೂವರೆ.

ಅದರ ಮೇಲೆ, ಹುಡುಗಿಗೆ ಕೊಟ್ಟ ಒಡವೆ ಅವಳ ಸ್ತ್ರೀಧನ, ಅಂದರೆ ಅವಳದೇ ಸ್ವತ್ತು. ಮದುವೆ ಮುಗಿದ ವಾರವೇ ಅತ್ತೆ ಮನೆಯವರೋ ತವರಿನವರೋ ಅದನ್ನು ಅಡವಿಟ್ಟು ಛತ್ರದ ಬಾಕಿ ತೀರಿಸುವುದು ಅವಳ ಒಪ್ಪಿಗೆಯಿಲ್ಲದೆ ಆಗಬಾರದ ಕೆಲಸ. ಚಿನ್ನವನ್ನು ಸಾಲಕ್ಕೆ ಬಳಸುವುದೇ ಆದರೆ ಮನೆಯಲ್ಲಿರುವ ಹಳೆಯ ಒಡವೆಯನ್ನು ಮದುವೆಗೆ ಮೊದಲು ಬಳಸಿ. ಅಡವಿಡುವಾಗ ನಿವ್ವಳ ತೂಕ, ಶುದ್ಧತೆ, ಕಳೆದ ಕಲ್ಲಿನ ತೂಕ ನಮೂದಿಸಿದ ಚೀಟಿ ಪಡೆಯಿರಿ. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ವಾಪಸ್ ಕೊಡಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನಿರ್ದೇಶನ ಹೇಳುತ್ತದೆ.

ಒಡವೆ ಅಂಗಡಿಗಳ 11 ತಿಂಗಳ ಸ್ಕೀಮು ಕಟ್ಟುತ್ತಿರುವವರು ಇಲ್ಲಿ ಇರಬಹುದು. ಅದರಲ್ಲಿ ಸಿಗುವ ಲಾಭ ಮೇಕಿಂಗ್ ಚಾರ್ಜಿನ ರಿಯಾಯಿತಿ. ಆದರೆ ಅದು ಬ್ಯಾಂಕಿನ ಠೇವಣಿಯಲ್ಲ. ಅಂಗಡಿ ಮುಚ್ಚಿದರೆ ನಿಮ್ಮ ಹಣಕ್ಕೆ ಯಾವ ವಿಮೆಯೂ ಇಲ್ಲ. ಒಂದೇ ಅಂಗಡಿಯಲ್ಲಿ ಮನೆಮಂದಿಯ ಹೆಸರಿನಲ್ಲೆಲ್ಲ ಕಾರ್ಡು ಮಾಡಿಸುವುದು ಜಾಣತನವಲ್ಲ. ಕೊಳ್ಳುವಾಗ ಆರು ಅಕ್ಷರ ಅಂಕಿಗಳ ಹಾಲ್‌ಮಾರ್ಕ್ ಗುರುತು ಸಂಖ್ಯೆ ಇದೆಯೇ ನೋಡಿ, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ.

ಕೂಡಿಟ್ಟ ಹಣ ತೆಗೆಯುವ ಕ್ರಮ

ಎಫ್‌ಡಿ ಮುರಿಯುವ ಮೊದಲು ಅದರ ಮೇಲೆ ಸಾಲ ಕೇಳಿ. 4 ಲಕ್ಷದ ಎಫ್‌ಡಿ ಶೇ 7ರ ಬಡ್ಡಿಯಲ್ಲಿದೆ, ಮದುವೆಯ ಐದು ತಿಂಗಳ ನಂತರ ಮಾಗುತ್ತದೆ ಎಂದಿಟ್ಟುಕೊಳ್ಳಿ. ಬಹುತೇಕ ಬ್ಯಾಂಕುಗಳು ಶೇ 90ರವರೆಗೆ, ಅಂದರೆ 3,60,000, ಎಫ್‌ಡಿ ದರಕ್ಕಿಂತ ಶೇ 1ರಷ್ಟು ಹೆಚ್ಚಿಗೆ ಕೊಡುತ್ತವೆ. ಐದು ತಿಂಗಳ ಬಡ್ಡಿ 12,000. ಅಷ್ಟೇ ಮೊತ್ತಕ್ಕೆ ಎಫ್‌ಡಿ 10,500 ದುಡಿಯುತ್ತಲೇ ಇರುತ್ತದೆ. ನಿಜವಾದ ಖರ್ಚು 1,500. ಇಷ್ಟು ಅಗ್ಗದ ಸಾಲ ಬೇರೆಲ್ಲೂ ಇಲ್ಲ, ಆದರೂ ಕೇಳುವವರು ಕಡಿಮೆ. ಎಲ್‌ಐಸಿ ಪಾಲಿಸಿಯ ಮೇಲಿನ ಸಾಲವೂ ಇದೇ ಜಾತಿಯದು. ಚಾಲ್ತಿಯಲ್ಲಿರುವ ಪಾಲಿಸಿಗೆ ಸರೆಂಡರ್ ಮೌಲ್ಯದ (ಪಾಲಿಸಿಯನ್ನು ಈಗಲೇ ಬಿಟ್ಟುಕೊಟ್ಟರೆ ಸಿಗುವ ಮೊತ್ತದ) ಶೇ 90ರ ಆಸುಪಾಸು ಸಿಗುತ್ತದೆ. ಅದರ ಬಡ್ಡಿಯನ್ನು ಆರು ತಿಂಗಳಿಗೊಮ್ಮೆ ಕಟ್ಟುವುದನ್ನು ಮರೆತರೆ ಸಾಲ ಬೆಳೆದು ಪಾಲಿಸಿಯನ್ನೇ ನುಂಗುತ್ತದೆ.

ಸುಕನ್ಯಾ ಸಮೃದ್ಧಿ ಖಾತೆ 2015ರಲ್ಲಿ ಬಂತು. ಆಗ ಹತ್ತರ ಆಸುಪಾಸಿನಲ್ಲಿದ್ದ ಹುಡುಗಿಯರು ಈಗ ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ. ಮದುವೆಗಾಗಿ ಈ ಖಾತೆ ಮುಚ್ಚಬೇಕಾದರೆ ಹುಡುಗಿಗೆ 18 ತುಂಬಿರಬೇಕು, ಮತ್ತು ಮದುವೆಗೆ ಒಂದು ತಿಂಗಳು ಮೊದಲಿನಿಂದ ಮೂರು ತಿಂಗಳ ನಂತರದವರೆಗೆ ಮಾತ್ರ ಅವಕಾಶ. ಅಂದರೆ ಛತ್ರದ ಮುಂಗಡಕ್ಕೂ ಒಡವೆಗೂ ಈ ಹಣ ಸಿಗುವುದಿಲ್ಲ. ಅಡುಗೆಯವರ ಕೊನೆಯ ಕಂತಿಗೆ ಸರಿಯಾಗಿ ಹೊಂದುತ್ತದೆ.

ಪಿಎಫ್ ವಿಷಯಕ್ಕೆ ಬಂದರೆ, ಹಳೆಯ ನಿಯಮದಲ್ಲಿ ಏಳು ವರ್ಷ ಸದಸ್ಯರಾಗಿದ್ದವರು ತಮ್ಮದೇ ವಂತಿಗೆ ಮತ್ತು ಅದರ ಬಡ್ಡಿಯ ಅರ್ಧವನ್ನು ಮದುವೆಗೆ ತೆಗೆಯಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಕೇಂದ್ರ ಮಂಡಳಿ ನಿಯಮ ಸಡಿಲಿಸಲು ತೀರ್ಮಾನಿಸಿತು: 12 ತಿಂಗಳ ಸೇವೆ ಸಾಕು, ಮದುವೆಗೆ ಐದು ಬಾರಿಯವರೆಗೆ, ಖಾತೆಯಲ್ಲಿ ಕಾಲುಭಾಗ ಉಳಿಯಬೇಕು. ಅರ್ಜಿ ಹಾಕುವ ದಿನ ನಿಮ್ಮ ಖಾತೆಗೆ ಯಾವ ಮಿತಿ ತೋರಿಸುತ್ತದೆ ಎಂಬುದನ್ನು ಸದಸ್ಯರ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಎರಡು ತಿಂಗಳು ಮೊದಲೇ ಅರ್ಜಿ ಹಾಕಿ. ತಿರಸ್ಕಾರಕ್ಕೆ ಕಾರಣ ಹೆಚ್ಚಾಗಿ ಸಣ್ಣವು: ಆಧಾರ್‌ನಲ್ಲಿ ‘ಮಂಜುನಾಥ ಕೆ.ಆರ್.’, ಪಿಎಫ್‌ನಲ್ಲಿ ‘ಮಂಜುನಾಥ್’; ಹಿಂದಿನ ಕಂಪನಿ ಬಿಟ್ಟ ದಿನಾಂಕ ನಮೂದಾಗಿಲ್ಲ; ಬ್ಯಾಂಕ್ ವಿಲೀನವಾಗಿ ಐಎಫ್‌ಎಸ್‌ಸಿ ಬದಲಾಗಿದೆ. ಇವನ್ನು ಸರಿಪಡಿಸಲು ವಾರಗಟ್ಟಲೆ ಹಿಡಿಯುತ್ತದೆ.

ತೆಗೆಯಬಹುದು ಎಂದ ಮಾತ್ರಕ್ಕೆ ತೆಗೆಯಲೇಬೇಕೆಂದಿಲ್ಲ. 55 ವರ್ಷದ ತಂದೆ ತೆಗೆದ 4 ಲಕ್ಷ, ಶೇ 8.25ರ ಬಡ್ಡಿಯಲ್ಲಿ ಐದು ವರ್ಷ ಅಲ್ಲೇ ಇದ್ದಿದ್ದರೆ 5,94,000 ದಾಟುತ್ತಿತ್ತು. ಬಡ್ಡಿ ಲೆಕ್ಕದಲ್ಲಿ ಪಿಎಫ್ ತೆಗೆಯುವುದು ಪರ್ಸನಲ್ ಲೋನ್‌ಗಿಂತ ಅಗ್ಗವೇ. ಆದರೆ ಲೋನ್ ಆದರೆ ಬ್ಯಾಂಕಿನವರು ತಿಂಗಳು ತಿಂಗಳು ಕಟ್ಟಿಸಿಕೊಳ್ಳುತ್ತಾರೆ; ಪಿಎಫ್‌ಗೆ ಹಣ ವಾಪಸ್ ಹಾಕಿ ಎಂದು ಯಾರೂ ಫೋನ್ ಮಾಡುವುದಿಲ್ಲ. ಐವತ್ತು ದಾಟಿದವರಿಗೆ ನಮ್ಮ ಸಲಹೆ, ಪಿಎಫ್ ಅನ್ನು ಪಟ್ಟಿಯ ಕೊನೆಯಲ್ಲಿಡಿ.

ಚೀಟಿ, ಲೋನು, ಕೈಸಾಲ

ಚೀಟಿಯನ್ನು ಬೇಗ ಎತ್ತಿದವನು ಸಾಲಗಾರ, ಕೊನೆಗೆ ಎತ್ತಿದವನು ಉಳಿತಾಯಗಾರ. 25 ಜನ, ತಿಂಗಳಿಗೆ 20,000, 25 ತಿಂಗಳು, 5 ಲಕ್ಷದ ಚೀಟಿ. ಆರನೇ ತಿಂಗಳು ಮದುವೆಯ ಗಡಿಬಿಡಿಯಲ್ಲಿ ಶೇ 25 ಬಿಟ್ಟು ಕೂಗಿದರೆ ಸಿಗುವುದು 3,75,000. ಬಿಟ್ಟ 1,25,000ದಲ್ಲಿ 25,000, ಅಂದರೆ 5 ಲಕ್ಷದ ಶೇ 5, ಚೀಟಿ ನಡೆಸುವವರಿಗೆ ಕಮಿಷನ್. ಉಳಿದ ಒಂದು ಲಕ್ಷ ಎಲ್ಲರಿಗೂ 4,000ದಂತೆ ಹಂಚಿಕೆ. ಕೂಗಿದ ದಿನವೇ ಹಣ ಬರುತ್ತದೆ ಎಂದುಕೊಳ್ಳಬೇಡಿ. ಜಾಮೀನುದಾರರು, ಅವರ ಸಂಬಳದ ಚೀಟಿ, ಪರಿಶೀಲನೆ ಎಂದು ಎರಡು ಮೂರು ವಾರ ಹೋಗುತ್ತದೆ. ಮದುವೆಗೆಂದೇ ಚೀಟಿ ಹಾಕುವುದಾದರೆ ಅದು ಮದುವೆಗೆ ಮೊದಲೇ ಮುಗಿಯುವಂತೆ ಎರಡು ವರ್ಷ ಹಿಂದೆ ಶುರು ಮಾಡಬೇಕು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯನ್ನೇ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಪರಿಚಯದವರ ಚೀಟಿಯಲ್ಲಿ ಮಗಳ ಮದುವೆಯ ಹಣ ಇಡಬೇಡಿ.

ಪರ್ಸನಲ್ ಲೋನ್‌ನಲ್ಲಿ ಇಎಂಐ ನೋಡಿ ಮರುಳಾಗುವವರೇ ಹೆಚ್ಚು. 5 ಲಕ್ಷ, ಶೇ 14, ಐದು ವರ್ಷ: ಕಂತು 11,634, ಒಟ್ಟು ಬಡ್ಡಿ 1,98,000. ಅದನ್ನೇ ಮೂರು ವರ್ಷಕ್ಕೆ ತೆಗೆದರೆ ಕಂತು 17,089, ಬಡ್ಡಿ 1,15,000. ಪ್ರೊಸೆಸಿಂಗ್ ಶುಲ್ಕ ಶೇ 2 ಎಂದರೆ ಜಿಎಸ್‌ಟಿ ಸೇರಿ 11,800 ಮೊದಲೇ ಕಡಿತವಾಗಿ ಖಾತೆಗೆ ಬರುವುದು 4,88,200. ಯಾರಾದರೂ ‘ಫ್ಲಾಟ್ ಶೇ 10’ (ಅಸಲು ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ) ಎಂದರೆ ಎಚ್ಚರ. ಮೂರು ವರ್ಷದ ಸಾಲದಲ್ಲಿ ಅದು ಇಳಿಯುವ ಅಸಲಿನ ಲೆಕ್ಕದಲ್ಲಿ ಸುಮಾರು ಶೇ 18.

ಕೈಸಾಲಕ್ಕೆ ಕಾನೂನಿನ ಒಂದು ಗೆರೆ ಇದೆ. 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ತೀರಿಸುವಾಗಲೂ ಹಾಗೇ. ದಂಡ ಆ ಮೊತ್ತದಷ್ಟೇ ಆಗಬಹುದು. ಕೊಡುವವರಿಗೂ ಪಡೆಯುವವರಿಗೂ ಕೃಷಿ ಆದಾಯ ಮಾತ್ರವಿದ್ದು ತೆರಿಗೆಗೆ ಬರುವ ಬೇರೆ ಆದಾಯ ಇಲ್ಲದಿದ್ದರೆ ಪಡೆಯುವಾಗ ಇದಕ್ಕೆ ವಿನಾಯಿತಿ. ನೆಂಟರ ಸಾಲವಾದರೂ ಬ್ಯಾಂಕ್ ಮೂಲಕವೇ ಪಡೆಯಿರಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡಬೇಡಿ. ಕಿರು ಸಾಲದ ವಸೂಲಿಗೆ ಮನೆ ಮುಂದೆ ಬಂದು ಕೂರುವುದು, ಬೆದರಿಸುವುದು ನಡೆದರೆ 2025ರಲ್ಲಿ ರಾಜ್ಯ ತಂದ ಕಾನೂನಿನಡಿ ಪೊಲೀಸರಿಗೆ ದೂರು ಕೊಡಬಹುದು. ಶಿಕ್ಷೆ ಹತ್ತು ವರ್ಷದವರೆಗೂ ಇದೆ.

ನಗದಿನ ಇನ್ನೊಂದು ಗೆರೆ ಬಹಳ ಜನರಿಗೆ ಗೊತ್ತಿಲ್ಲ. ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವಂತಿಲ್ಲ. ಅಡುಗೆಯವರಿಗೆ ನಾಲ್ಕು ದಿನ ನಾಲ್ಕು ಕಂತಿನಲ್ಲಿ ಲಕ್ಷ ಲಕ್ಷ ಕೊಟ್ಟರೂ ಮದುವೆ ಒಂದೇ ಆದ್ದರಿಂದ ಅದು ನಾಲ್ಕು ಲಕ್ಷವೇ. ದಂಡ ಬೀಳುವುದು ಪಡೆದವರಿಗೆ, ಅದಕ್ಕೇ ತಿಳಿದ ಅಡುಗೆಯವರು ಚೆಕ್ ಕೇಳುತ್ತಾರೆ. ಜಿಎಸ್‌ಟಿ ಉಳಿಯುತ್ತದೆಂದು ಎಲ್ಲವನ್ನೂ ನಗದಾಗಿ ಕೊಟ್ಟರೆ ರಸೀದಿ ಇರುವುದಿಲ್ಲ. ಊಟ ಕೆಟ್ಟರೆ, ಫೋಟೋ ಬರದಿದ್ದರೆ ಗ್ರಾಹಕರ ಆಯೋಗದ ಮುಂದೆ ತೋರಿಸಲು ಏನೂ ಇರುವುದಿಲ್ಲ.

ಮುಯ್ಯಿ ಆದಾಯವಲ್ಲ

ಮುಯ್ಯಿ ಎಷ್ಟು ಬರಬಹುದು ಎಂದು ಅಂದಾಜಿಸಿ ಅದನ್ನು ಬಜೆಟ್‌ಗೆ ಸೇರಿಸುವ ಮನೆಗಳಿವೆ. ಅದನ್ನು ಸೊನ್ನೆ ಎಂದೇ ಬರೆಯಿರಿ. ಮುಯ್ಯಿ ಪುಸ್ತಕದಲ್ಲಿ ಬರೆದದ್ದೆಲ್ಲ ನಾಳೆ ಅವರ ಮನೆಯ ಮದುವೆಗೆ ವಾಪಸ್ ಹೋಗಬೇಕಾದದ್ದು. ಬಂದರೆ, ಮೊದಲು ದುಬಾರಿ ಬಡ್ಡಿಯ ಸಾಲಕ್ಕೆ ಕಟ್ಟಿ. ತೆರಿಗೆಯ ಸೂಕ್ಷ್ಮ ಒಂದಿದೆ: ಮದುವೆಯ ಉಡುಗೊರೆಗೆ ತೆರಿಗೆ ವಿನಾಯಿತಿ ಇರುವುದು ವಧೂವರರಿಗೆ ಮಾತ್ರ. ಸ್ನೇಹಿತರು ತಂದೆಯ ಹೆಸರಿಗೆ ಚೆಕ್ ಬರೆದು, ನೆಂಟರಲ್ಲದವರಿಂದ ವರ್ಷದಲ್ಲಿ ಒಟ್ಟು 50,000 ದಾಟಿದರೆ ಅದು ತಂದೆಯ ಆದಾಯವಾಗುತ್ತದೆ. ಚೆಕ್, ವರ್ಗಾವಣೆ ಎಲ್ಲವೂ ಮದುಮಕ್ಕಳ ಖಾತೆಗೇ ಬರಲಿ.

ಮಾತುಕತೆಯ ದಿನವೇ ಯಾವ ಖರ್ಚು ಯಾರದು ಎಂದು ಒಂದು ಪುಟ ಬರೆದುಕೊಳ್ಳಿ: ಛತ್ರ, ಊಟ, ಆರತಕ್ಷತೆ, ತಾಳಿ, ಧಾರೆ ಸೀರೆ, ಬಸ್ಸು, ಬೀಗರ ಔತಣ. ‘ಅದು ನಿಮಗೆ ಬಿಟ್ಟಿದ್ದು’ ಎಂಬ ಮಾತು ಕೊನೆಗೆ ಲಕ್ಷಗಟ್ಟಲೆ ಆಗುತ್ತದೆ. ಆ ಪುಟದಲ್ಲಿ ಕಾರು, ಸೈಟು, ‘ವರೋಪಚಾರ’ದ ನಗದು ಎಂಬ ಸಾಲು ಬಂದರೆ ಅದು ಮದುವೆಯ ಖರ್ಚಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಕನಿಷ್ಠ ಶಿಕ್ಷೆ ಐದು ವರ್ಷ. ಅದಕ್ಕೆ ಸಾಲ ಹೊಂದಿಸುವ ದಾರಿಯನ್ನು ನಮ್ಮನ್ನು ಕೇಳಬೇಡಿ.

ಖರ್ಚೇ ಬೇಡ ಎನ್ನುವವರಿಗೂ ದಾರಿಗಳಿವೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಮುಜರಾಯಿ ಇಲಾಖೆ 2020ರಲ್ಲಿ ದೊಡ್ಡ ದೇವಸ್ಥಾನಗಳಲ್ಲಿ ‘ಸಪ್ತಪದಿ’ ಸಾಮೂಹಿಕ ವಿವಾಹ ಆರಂಭಿಸಿತು. ವಧುವಿಗೆ 8 ಗ್ರಾಂ ಚಿನ್ನದ ಮಾಂಗಲ್ಯ, ಬಟ್ಟೆಬರೆಗೆ ಹಣ ಅದರ ಭಾಗ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಪುರೋಹಿತರೂ ಓಲಗವೂ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾಗಿ ವರ್ಷವಾದ ಕಾರ್ಮಿಕರಿಗೆ ತಮ್ಮ ಅಥವಾ ಮಕ್ಕಳ ಮದುವೆಗೆ 60,000 ರೂಪಾಯಿ ಸಹಾಯಧನವಿದೆ. ಮದುವೆ ನೋಂದಣಿ ಪತ್ರ ಬೇಕಾದ್ದರಿಂದ ಹಣ ಬರುವುದು ಮದುವೆಯ ನಂತರ. ಹಾಳೆಯ ಬಲಗಡೆ ಬರೆಯುವಾಗ ಇದನ್ನು ಮರೆಯಬೇಡಿ.

ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳು

ಸಾಲ ಯಾರ ಹೆಸರಿನಲ್ಲಿ ಇರಬೇಕು, ಅಪ್ಪನದೋ ಮಗನದೋ?

ದುಡಿಮೆ ಎಷ್ಟು ವರ್ಷ ಉಳಿದಿದೆ ನೋಡಿ. ನಿವೃತ್ತಿಗೆ ಎರಡು ವರ್ಷವಿರುವವರು ಐದು ವರ್ಷದ ಕಂತಿಗೆ ಸಹಿ ಹಾಕಬಾರದು. ಮಗನೋ ಮಗಳೋ ತೆಗೆದುಕೊಂಡರೆ ಅದರ ಬೆಲೆಯೂ ಗೊತ್ತಿರಲಿ: ತಿಂಗಳಿಗೆ 11,634ರ ಕಂತು ನಡೆಯುತ್ತಿರುವಾಗ ಮನೆ ಸಾಲಕ್ಕೆ ಹೋದರೆ, ಶೇ 8.5ರ 20 ವರ್ಷದ ಲೆಕ್ಕದಲ್ಲಿ ಸುಮಾರು 13 ಲಕ್ಷ ರೂಪಾಯಿಯಷ್ಟು ಸಾಲದ ಅರ್ಹತೆ ಇಳಿಯುತ್ತದೆ. ಮದುವೆಯಾಗಿ ಎರಡು ವರ್ಷದಲ್ಲಿ ಮನೆ ಕೊಳ್ಳುವ ಯೋಚನೆ ಇದ್ದರೆ ಸಣ್ಣ ಸಾಲ, ಚಿಕ್ಕ ಅವಧಿ. ಮತ್ತು ಮದುವೆಯಾಗುವವರಿಗೆ ಈ ಸಾಲದ ವಿಷಯ ತಾಳಿ ಕಟ್ಟುವ ಮೊದಲೇ ಗೊತ್ತಿರಬೇಕು.

ಸೈಟ್ ಒಂದಿದೆ, ಮಾರಿ ಮದುವೆ ಮಾಡೋಣ ಎಂದಿದ್ದೇವೆ. ಸರಿಯೇ?

ಮಾರುವುದು ತಪ್ಪಲ್ಲ, ತರಾತುರಿಯಲ್ಲಿ ಮಾರುವುದು ನಷ್ಟ. ಈಗ ನೋಂದಣಿಗೆ ಇ-ಖಾತಾ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಬೇಕು. ಅದಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಬೇಕು, ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆಯಿಂದ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸುವುದರಿಂದ, ಶುರು. ಋಣಭಾರ ಪತ್ರ, ತೆರಿಗೆ ರಸೀದಿ, ಒಡಹುಟ್ಟಿದವರ ಒಪ್ಪಿಗೆ ಎಲ್ಲ ಸೇರಿ ನಾಲ್ಕು ತಿಂಗಳು ಬೇಕೆಂದು ಹಿಡಿಯಿರಿ. ಎರಡು ವರ್ಷಕ್ಕಿಂತ ಹಿಂದೆ ಕೊಂಡಿದ್ದರೆ ಲಾಭದ ಮೇಲೆ ದೀರ್ಘಾವಧಿ ತೆರಿಗೆ ಬರುತ್ತದೆ. ಅದನ್ನು ಎತ್ತಿಟ್ಟು ಉಳಿದದ್ದನ್ನೇ ಮದುವೆಯ ಹಣ ಎಂದು ಎಣಿಸಿ. ಮಾರಾಟದಲ್ಲಿ 20,000 ಅಥವಾ ಹೆಚ್ಚಿನ ನಗದು ಪಡೆಯುವಂತಿಲ್ಲ. ಮದುವೆಯ ದಿನ ಗೊತ್ತಾಗಿದೆ ಎಂದು ಕೊಳ್ಳುವವರಿಗೆ ಹೇಳಬೇಡಿ, ಗೊತ್ತಾದ ಕೂಡಲೇ ಬೆಲೆ ಇಳಿಸಿ ಕೇಳುತ್ತಾರೆ. ಕ್ರಯದ ಕರಾರಿನಲ್ಲಿ ಕೊನೆಯ ಕಂತಿನ ದಿನಾಂಕ ಮುಹೂರ್ತಕ್ಕಿಂತ ಕನಿಷ್ಠ 30 ದಿನ ಮೊದಲಿರುವಂತೆ ಬರೆಸಿ. ಅಷ್ಟರೊಳಗೆ ನೋಂದಣಿ ಆಗದೆಹೋದರೆ ಎಫ್‌ಡಿ ಸಾಲಕ್ಕೋ ಚಿನ್ನದ ಸಾಲಕ್ಕೋ ಓಡಾಡಲು ಒಂದು ತಿಂಗಳು ಉಳಿದಿರುತ್ತದೆ.